ನೆಲನೆಲ್ಲಿಯ ಪರೀಕ್ಷೆ: ಕಾಮಾಲೆಯ ಮದ್ದು ಪ್ರಯೋಗಾಲಯ ತಲುಪಿದ ಚರಿತ್ರೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಕನ್ನಡ ನಾಡಿನ ಎಲ್ಲ ಭಾಗಗಳಲ್ಲಿಯೂ ಬಳಕೆಯಲ್ಲಿದೆ. ಕೈಗೆ ಸುಲಭವಾಗಿ ಸಿಗುವುದಕ್ಕೆ ಬೆಲೆಯಿಲ್ಲ ಎಂಬುದು ಅದರ ರೂಢಿಯ ಅರ್ಥ. ಆದರೆ ಹಿತ್ತಲ ಗಿಡವೊಂದು ಮದ್ದು ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವವರು ಯಾರು, ಯಾವ ಒರೆಗಲ್ಲಿನ ಮೇಲೆ ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆಯನ್ನು ಗಾದೆ ಎತ್ತುವುದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕಾಗಿ ಬಂದ ಗಿಡಗಳಲ್ಲಿ ನೆಲನೆಲ್ಲಿ ಮುಖ್ಯವಾದುದು. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ, ಅಂಗಳದ ಅಂಚಿನಲ್ಲಿ ತಾನಾಗಿ ಹುಟ್ಟುವ ಈ ಗೇಣುದ್ದದ ಗಿಡ ಹಳ್ಳಿಯ ವೈದ್ಯರ ಕೈಯಿಂದ ವಿಶ್ವವಿದ್ಯಾಲಯಗಳ ಪ್ರಯೋಗಾಲಯಕ್ಕೆ, ಅಲ್ಲಿಂದ ಜಗತ್ತಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಗಳ ಪುಟಗಳಿಗೆ ಹೋಗಿ ಬಂದಿದೆ. ಆ ಪಯಣವನ್ನು ಗುರುತಿಸುವುದು, ಅದರಿಂದ ಜಾನಪದ ಅಧ್ಯಯನವು ಕಲಿಯಬೇಕಾದುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಮಾಲೆ: ರೋಗವೋ ಲಕ್ಷಣವೋ

ಕನ್ನಡದಲ್ಲಿ ಕಾಮಾಲೆ, ಕಾಮಣಿ, ಅರಿಶಿನ ಕಾಮಾಲೆ ಎಂದು ಪ್ರದೇಶಕ್ಕೆ ತಕ್ಕಂತೆ ಕರೆಯಲಾಗುವ ಸ್ಥಿತಿಯನ್ನು ಜನಪದರು ಬಣ್ಣದಿಂದ ಗುರುತಿಸುತ್ತಾರೆ. ಕಣ್ಣಿನ ಬಿಳಿಯ ಭಾಗ, ಉಗುರು, ಮೂತ್ರ ಇವು ಹಳದಿಯಾಗುವುದೇ ಅದರ ಮುಖ್ಯ ಕುರುಹು. ‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬ ಮಾತು ಹುಟ್ಟಿರುವುದೂ ಈ ಕುರುಹಿನಿಂದಲೇ. ಶಾಸ್ತ್ರೀಯ ಪರಂಪರೆಯಲ್ಲಿ ಚರಕಸಂಹಿತೆಯು ಕಾಮಲಾ ರೋಗವನ್ನು ಚಿಕಿತ್ಸಾಸ್ಥಾನದ ಪಾಂಡುರೋಗ ಅಧ್ಯಾಯದಲ್ಲಿ ವಿವರಿಸುತ್ತದೆ. ಎರಡು ಪರಂಪರೆಗಳಲ್ಲಿಯೂ ಹೆಸರು ಪಡೆದಿರುವುದು ಹೊರಗೆ ಕಾಣುವ ಲಕ್ಷಣವೇ.

ಆಧುನಿಕ ವೈದ್ಯಶಾಸ್ತ್ರದ ಪ್ರಕಾರ ಕಾಮಾಲೆ ಒಂದೇ ರೋಗವಲ್ಲ. ಆಯುಷ್ಯ ತೀರಿದ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದನ್ನು ರಕ್ತದಿಂದ ತೆಗೆದು ಪಿತ್ತದ ಮೂಲಕ ಕರುಳಿಗೆ ಕಳಿಸುವ ಕೆಲಸ ಯಕೃತ್ತಿನದು. ರಕ್ತಕಣಗಳು ಅತಿಯಾಗಿ ಒಡೆದರೂ, ಯಕೃತ್ತು ಊದಿಕೊಂಡರೂ, ಪಿತ್ತನಾಳದಲ್ಲಿ ಕಲ್ಲು ಅಥವಾ ಗಡ್ಡೆ ಅಡ್ಡ ಬಂದರೂ ಕಣ್ಣು ಹಳದಿಯಾಗುತ್ತದೆ. ಯಕೃತ್ತನ್ನು ಊದಿಸುವ ವೈರಾಣುಗಳು ಕೂಡ ಒಂದಲ್ಲ. 1955ರ ಡಿಸೆಂಬರಿನಿಂದ 1956ರ ಜನವರಿಯವರೆಗೆ ದೆಹಲಿಯಲ್ಲಿ ಯಮುನೆಯ ನೀರಿಗೆ ಕೊಳಚೆ ಸೇರಿ 29,000ಕ್ಕೂ ಹೆಚ್ಚು ಜನ ಕಾಮಾಲೆಗೆ ತುತ್ತಾದರು. ಆ ಸಾಂಕ್ರಾಮಿಕಕ್ಕೆ ಹೆಪಟೈಟಿಸ್ ಎ ಕಾರಣವಲ್ಲ, ಇಂದು ಹೆಪಟೈಟಿಸ್ ಇ ಎಂದು ಕರೆಯಲಾಗುವ ಬೇರೊಂದು ವೈರಾಣು ಎಂಬುದು ತಿಳಿದದ್ದು ದಶಕಗಳ ತರುವಾಯ.

ಜನಪದ ಚಿಕಿತ್ಸೆಯ ಮೌಲ್ಯಮಾಪನಕ್ಕೆ ಈ ವಿವರಗಳು ಅತ್ಯಗತ್ಯ. ನೀರಿನಿಂದ ಹರಡುವ ಎ ಮತ್ತು ಇ ವೈರಾಣುಗಳ ಸೋಂಕು ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ವಿಶೇಷವಾಗಿ ಗರ್ಭಿಣಿಯರಲ್ಲಿ ಇ ವೈರಾಣು ಪ್ರಾಣಾಂತಿಕವಾಗಬಲ್ಲದು. ಆದ್ದರಿಂದ ಮದ್ದು ಕೊಟ್ಟ ವೈದ್ಯರಿಗೂ ತೆಗೆದುಕೊಂಡ ರೋಗಿಗೂ ಗುಣವಾದ ಅನುಭವ ದೊರೆಯುವುದು ಸಹಜ. ಆ ಅನುಭವ ಸುಳ್ಳಲ್ಲ. ಆದರೆ ಗುಣವಾದದ್ದು ಮದ್ದಿನಿಂದಲೋ, ವಿಶ್ರಾಂತಿ ಮತ್ತು ಪಥ್ಯದಿಂದಲೋ, ದೇಹದ ಸ್ವಂತ ಶಕ್ತಿಯಿಂದಲೋ ಎಂಬುದನ್ನು ಅನುಭವವೊಂದೇ ಬೇರ್ಪಡಿಸಿ ತೋರಿಸಲಾರದು. ಪರೀಕ್ಷೆಯ ಅಗತ್ಯ ಹುಟ್ಟುವುದು ಇಲ್ಲಿ.

ಹೆಸರಿನ ಗೊಂದಲ

ಪರೀಕ್ಷೆಗೆ ಮೊದಲು ಗಿಡ ಯಾವುದೆಂದು ನಿಶ್ಚಯವಾಗಬೇಕು. ನೆಲನೆಲ್ಲಿ, ಕಿರುನೆಲ್ಲಿ ಎಂಬ ಕನ್ನಡದ ಹೆಸರುಗಳು ಗಿಡದ ಗಾತ್ರವನ್ನು ಹೇಳುತ್ತವೆ. ಸಂಸ್ಕೃತದ ಭೂಮ್ಯಾಮಲಕಿಯೂ ಅದನ್ನೇ ಹೇಳುತ್ತದೆ. ಎಲೆಯ ಕೆಳಗೆ ಸಾಲಾಗಿ ಕಾಯಿ ಕಟ್ಟುವುದನ್ನು ಮಲೆಯಾಳದ ‘ಕೀಳಾರ್‌ನೆಲ್ಲಿ’ ಸೂಚಿಸುತ್ತದೆ. ಸಸ್ಯಶಾಸ್ತ್ರದ ಕುಲನಾಮವಾದ ಫಿಲಾಂತಸ್ ಎಂಬುದಕ್ಕೂ ಗ್ರೀಕಿನಲ್ಲಿ ‘ಎಲೆಹೂ’ ಎಂದೇ ಅರ್ಥ. ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ಹೋರ್ಟಸ್ ಮಲಬಾರಿಕಸ್ ಗ್ರಂಥದ ಹತ್ತನೆಯ ಸಂಪುಟದಲ್ಲಿ ಈ ಗಿಡ ‘ಕಿರ್ಗನೆಲ್ಲಿ’ ಎಂಬ ಹೆಸರಿನಲ್ಲಿಯೇ ಚಿತ್ರಿತವಾಗಿದೆ. ಆ ಗ್ರಂಥಕ್ಕೆ ಮಾಹಿತಿ ನೀಡಿದ ಈಳವ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ವಿದ್ವಾಂಸರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರ ಹೆಸರುಗಳು ಅದರಲ್ಲಿಯೇ ದಾಖಲಾಗಿವೆ. ಮಾಹಿತಿದಾರರ ಹೆಸರನ್ನು ಮುದ್ರಿಸಿದ ಈ ಪದ್ಧತಿ ಮುಂದಿನ ಶತಮಾನಗಳ ಅನೇಕ ಬರಹಗಳಲ್ಲಿ ಉಳಿಯಲಿಲ್ಲ.

1753ರಲ್ಲಿ ಲಿನೆಯಸ್ ಫಿಲಾಂತಸ್ ನಿರೂರಿ ಎಂಬ ಹೆಸರನ್ನು ಪ್ರಕಟಿಸಿದ. ಭಾರತದ ಸಸ್ಯಗ್ರಂಥಗಳೂ ಔಷಧಿ ಕೋಶಗಳೂ ಇನ್ನೂರು ವರ್ಷಗಳ ಕಾಲ ನೆಲನೆಲ್ಲಿಗೆ ಇದೇ ಹೆಸರನ್ನು ಬಳಸಿದವು. 1950ರ ದಶಕದಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಗ್ರೇಡಿ ವೆಬ್‌ಸ್ಟರ್ ಈ ಕುಲವನ್ನು ಪರಿಷ್ಕರಿಸಿದಾಗ, ನಿಜವಾದ ನಿರೂರಿ ಅಮೆರಿಕ ಖಂಡದ ಗಿಡವೆಂಬುದು ಸ್ಪಷ್ಟವಾಯಿತು. ನಮ್ಮ ಬದುಗಳಲ್ಲಿ ಬೆಳೆಯುವುದು ಫಿಲಾಂತಸ್ ಅಮಾರಸ್, ಫಿಲಾಂತಸ್ ಫ್ರಾಟರ್ನಸ್, ಫಿಲಾಂತಸ್ ಡೆಬಿಲಿಸ್ ಮೊದಲಾದ ಹಲವು ಪ್ರಭೇದಗಳು. ಕೆಂಪು ಛಾಯೆಯ ಕಾಂಡವುಳ್ಳ ಫಿಲಾಂತಸ್ ಯೂರಿನೇರಿಯಾ ಇನ್ನೊಂದು. ಇವೆಲ್ಲವೂ ನೋಟಕ್ಕೆ ಒಂದೇ ತೆರನಾಗಿದ್ದು ಗ್ರಂಥಿಗೆ ಅಂಗಡಿಯ ಒಂದೇ ಚೀಲದಲ್ಲಿ ಸೇರಿಹೋಗುವ ಸಂಭವ ಹೆಚ್ಚು.

ಈ ವಿಷಯದಲ್ಲಿ ನನ್ನ ತಪ್ಪೊಂದನ್ನು ದಾಖಲಿಸುವುದು ಉಚಿತ. ಪಿಎಚ್.ಡಿ. ಅಧ್ಯಯನದ ದಿನಗಳಲ್ಲಿ ಮಲೆನಾಡಿನ ಹಲವು ಹಳ್ಳಿಗಳಲ್ಲಿ ಮದ್ದಿನ ವಿವರಗಳನ್ನು ಸಂಗ್ರಹಿಸಿದಾಗ ‘ನೆಲನೆಲ್ಲಿ’ ಎಂದು ವಕ್ತೃಗಳು ಹೇಳಿದ ಕಡೆಯಲ್ಲೆಲ್ಲ ಪುಸ್ತಕ ನೋಡಿ ‘ನಿರೂರಿ’ ಎಂದು ಬರೆದುಕೊಂಡೆ. ಗಿಡವನ್ನು ಕಿತ್ತು ಒಣಗಿಸಿ ಕಾಗದಕ್ಕೆ ಅಂಟಿಸಿ ಇಡಲಿಲ್ಲ. ಒಮ್ಮೆ ವಯಸ್ಸಾದ ನಾಟಿ ವೈದ್ಯೆಯೊಬ್ಬರಿಗಾಗಿ ನಾನೇ ಒಂದು ಹಿಡಿ ಗಿಡ ಕಿತ್ತು ತಂದುಕೊಟ್ಟಾಗ, ಅವರು ಅದನ್ನು ಸೂಡು ಬಿಚ್ಚಿ ಅರ್ಧದಷ್ಟನ್ನು ಪಕ್ಕಕ್ಕೆ ಎಸೆದರು. ಏಕೆಂದು ಕೇಳಿದಾಗ ಕಾಂಡದ ಬಣ್ಣವನ್ನೂ ಕಾಯಿಯ ಮೈಯನ್ನೂ ತೋರಿಸಿದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದೇ ಆಗಿದ್ದ ಗಿಡ ಅವರ ಕೈಯಲ್ಲಿ ಎರಡಾಗಿತ್ತು. ಪುಸ್ತಕದಲ್ಲಿ ನಾನು ಬರೆದ ಲ್ಯಾಟಿನ್ ಹೆಸರು ಆ ಎರಡರಲ್ಲಿ ಯಾವುದಕ್ಕೂ ಸೇರಿದ್ದಲ್ಲವೆಂಬುದು ತಿಳಿದದ್ದು ಪ್ರಬಂಧ ಒಪ್ಪಿಸಿದ ಮೇಲೆ.

ಇಲಿಯ ಯಕೃತ್ತು

ಗಿಡದ ಸಾರವು ಯಕೃತ್ತನ್ನು ರಕ್ಷಿಸುತ್ತದೆಯೇ ಎಂದು ಪರೀಕ್ಷಿಸಲು ಮೊದಲು ಯಕೃತ್ತಿಗೆ ಹಾನಿಮಾಡಬೇಕು. ಇದಕ್ಕಾಗಿ ಹೆಚ್ಚಾಗಿ ಬಳಕೆಯಾದ ವಿಷ ಕಾರ್ಬನ್ ಟೆಟ್ರಾಕ್ಲೋರೈಡ್. ಇದಕ್ಕೂ ಒಂದು ಮದ್ದಿನ ಚರಿತ್ರೆಯಿದೆ. 1921ರಲ್ಲಿ ಅಮೆರಿಕದ ಮಾರಿಸ್ ಹಾಲ್ ಇದು ಕೊಕ್ಕೆಹುಳುವಿಗೆ ಪರಿಣಾಮಕಾರಿಯೆಂದು ತೋರಿಸಿದ ಬಳಿಕ ಅನೇಕ ದೇಶಗಳಲ್ಲಿ ಜನರಿಗೆ ಇದನ್ನು ಕುಡಿಸಲಾಯಿತು. ಯಕೃತ್ತಿಗೆ ಆಗುವ ಅಪಾಯ ಅರಿವಾದ ಮೇಲೆ ಅದು ಔಷಧಾಲಯದಿಂದ ಹೊರಬಿದ್ದು, ಅದೇ ದೋಷದ ಕಾರಣದಿಂದ ಪ್ರಯೋಗಾಲಯದಲ್ಲಿ ಉಳಿಯಿತು.

ಯಕೃತ್ತಿನ ಜೀವಕೋಶಗಳಲ್ಲಿರುವ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳು ಈ ರಾಸಾಯನಿಕವನ್ನು ಒಡೆದಾಗ ಉಗ್ರ ಸ್ವಭಾವದ ಕಣವೊಂದು ಹುಟ್ಟುತ್ತದೆ. ಅದು ಕೋಶಪೊರೆಯ ಕೊಬ್ಬನ್ನು ಕೆಡಿಸುತ್ತದೆ. ಪೊರೆ ಹರಿದಾಗ ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. 1950ರ ದಶಕದ ಮಧ್ಯಭಾಗದಲ್ಲಿ ರಕ್ತದ ಟ್ರಾನ್ಸಮಿನೇಸ್ ಕಿಣ್ವಗಳನ್ನು ಅಳೆಯುವ ವಿಧಾನ ರೂಢಿಗೆ ಬಂತು. 1957ರಲ್ಲಿ ರೈಟ್‌ಮನ್ ಮತ್ತು ಫ್ರಾಂಕಲ್ ರೂಪಿಸಿದ ಬಣ್ಣದ ಪರೀಕ್ಷೆ ಸಣ್ಣ ಪ್ರಯೋಗಾಲಯಗಳಿಗೂ ನಿಲುಕಿತು. ಹಳ್ಳಿಯ ವೈದ್ಯರು ಕಣ್ಣಿನ ಹಳದಿಯನ್ನು ಓದುವಂತೆ ಪ್ರಯೋಗಾಲಯವು ರಕ್ತದ ಈ ಅಂಕಿಗಳನ್ನು ಓದಲಾರಂಭಿಸಿತು.

ಪರೀಕ್ಷೆಯ ಕ್ರಮ ಸ್ಥೂಲವಾಗಿ ಹೀಗಿರುತ್ತದೆ. ಬಿಳಿ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಏನನ್ನೂ ಕೊಡುವುದಿಲ್ಲ, ಒಂದಕ್ಕೆ ವಿಷ ಮಾತ್ರ. ಒಂದು ಗುಂಪಿಗೆ ವಿಷದ ಜೊತೆಗೆ ಗುಣ ಗೊತ್ತಿರುವ ಔಷಧಿ, ಉಳಿದವಕ್ಕೆ ವಿಷದ ಜೊತೆಗೆ ಗಿಡದ ಸಾರ ಬೇರೆ ಬೇರೆ ಪ್ರಮಾಣಗಳಲ್ಲಿ. ಕೊನೆಗೆ ರಕ್ತದ ಕಿಣ್ವಗಳನ್ನು ಅಳೆದು, ಇಲಿಯನ್ನು ಕೊಂದು ಯಕೃತ್ತಿನ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಭಾರತದಲ್ಲಿ ಇಂತಹ ಪ್ರಯೋಗಗಳು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಮತ್ತು ಅದರಡಿ 1998ರಲ್ಲಿ ಬಂದ ನಿಯಮಗಳಿಗೆ ಒಳಪಟ್ಟಿವೆ.

ಹೋಲಿಕೆಗಾಗಿ ಕೊಡುವ ‘ಗುಣ ಗೊತ್ತಿರುವ ಔಷಧಿ’ ಸಾಮಾನ್ಯವಾಗಿ ಸಿಲಿಮರಿನ್. ಇದು ಕೂಡ ಮೂಲತಃ ಯುರೋಪಿನ ಜನಪದ ಮದ್ದೇ. ಅಲ್ಲಿನ ಬೀಳುಭೂಮಿಯ ಮುಳ್ಳುಗಿಡವೊಂದರ ಬೀಜವನ್ನು ಯಕೃತ್ತಿನ ಕಾಯಿಲೆಗೆ ಬಳಸುವ ರೂಢಿ ಬಹಳ ಹಿಂದಿನದು. 1968ರಲ್ಲಿ ಮ್ಯೂನಿಕ್‌ನ ಹಿಲ್ಡೆಬರ್ಟ್ ವಾಗ್ನರ್ ಮತ್ತು ಸಹೋದ್ಯೋಗಿಗಳು ಅದರ ಸಕ್ರಿಯ ಅಂಶವನ್ನು ಬೇರ್ಪಡಿಸಿದರು. ಭಾರತದಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯು ಹಿಮಾಲಯದ ಕಟುಕರೋಹಿಣಿಯಿಂದ ಪಿಕ್ರೊಲಿವ್ ಎಂಬ ಸಾರವನ್ನು ಸಿದ್ಧಪಡಿಸಿತು. 1985ರಲ್ಲಿ ಭಾರತ ಮತ್ತು ಜಪಾನಿನ ಸಂಶೋಧಕರು ನೆಲನೆಲ್ಲಿಯ ಫಿಲಾಂತಿನ್ ಮತ್ತು ಹೈಪೊಫಿಲಾಂತಿನ್ ಎಂಬ ಅಂಶಗಳು ಇಲಿಯ ಯಕೃತ್ತಿನ ಜೀವಕೋಶಗಳನ್ನು ಕಾರ್ಬನ್ ಟೆಟ್ರಾಕ್ಲೋರೈಡಿನಿಂದ ಕಾಪಾಡುತ್ತವೆಂದು ವರದಿ ಮಾಡಿದರು. ಆ ವರದಿಯಲ್ಲಿಯೂ ಗಿಡದ ಹೆಸರು ನಿರೂರಿ ಎಂದೇ ಇದೆ.

ಈ ಪರೀಕ್ಷೆಯ ಮಿತಿಯನ್ನು ಜಾನಪದದ ಕಡೆಯಿಂದ ನೋಡಿದರೆ ಮೂರು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಅನೇಕ ಪ್ರಯೋಗಗಳಲ್ಲಿ ಸಾರವನ್ನು ವಿಷಕ್ಕೆ ಮೊದಲೇ ಕೊಡಲಾಗುತ್ತದೆ. ಹಳ್ಳಿಯಲ್ಲಿ ಮದ್ದು ಬರುವುದು ಕಣ್ಣು ಹಳದಿಯಾದ ಮೇಲೆ. ಎರಡನೆಯದಾಗಿ, ಕಾರ್ಬನ್ ಟೆಟ್ರಾಕ್ಲೋರೈಡ್ ವಿಷವಾಗುವುದೇ ಯಕೃತ್ತಿನ ಕಿಣ್ವದಿಂದ. ಆ ಕಿಣ್ವದ ಕೆಲಸವನ್ನು ತಡೆಯುವ ಯಾವ ವಸ್ತುವಾದರೂ ಈ ಪರೀಕ್ಷೆಯಲ್ಲಿ ‘ರಕ್ಷಕ’ವಾಗಿ ತೋರುತ್ತದೆ, ಅದಕ್ಕೆ ವೈರಾಣುವಿನ ಮೇಲೆ ಯಾವ ಪ್ರಭಾವವೂ ಇಲ್ಲದಿರಬಹುದು. ಮೂರನೆಯದಾಗಿ, ಹಸಿ ಗಿಡವನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬರಿಹೊಟ್ಟೆಗೆ ಕೊಡುವ ಮದ್ದೂ, ಒಣಗಿಸಿ ಮದ್ಯಸಾರದಲ್ಲಿ ತೆಗೆದ ಸಾರವೂ ಒಂದೇ ವಸ್ತುವಲ್ಲ. ಅನುಪಾನ, ಪಥ್ಯ, ಎಣ್ಣೆ ಖಾರ ಮದ್ಯಗಳ ವರ್ಜನೆ ಇವಾವುವೂ ಇಲಿಯ ಪಂಜರವನ್ನು ಪ್ರವೇಶಿಸುವುದಿಲ್ಲ.

ವಾಸ್ತವವಾಗಿ ಈ ಪರೀಕ್ಷೆಯ ರಚನೆ ಕಾಮಾಲೆ ವೈದ್ಯಕ್ಕಿಂತ ವಿಷವೈದ್ಯಕ್ಕೆ ಹತ್ತಿರವಾದುದು. ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷ ಮತ್ತು ಅದರ ಪರಿಹಾರವನ್ನೇ ವಸ್ತುವಾಗಿಸಿಕೊಂಡ ಗ್ರಂಥ. ವಿಷ ಯಾವುದು, ಅದಕ್ಕೆ ಪ್ರತಿವಿಷ ಯಾವುದು ಎಂಬ ಅದರ ತರ್ಕವೇ ಇಲಿಯ ಪ್ರಯೋಗದ ತರ್ಕವೂ ಆಗಿದೆ. ಆದ್ದರಿಂದ ‘ಇಲಿಯಲ್ಲಿ ಯಕೃತ್ತನ್ನು ರಕ್ಷಿಸಿತು’ ಎಂಬ ವಾಕ್ಯವು ‘ಕಾಮಾಲೆಯನ್ನು ಗುಣಪಡಿಸಿತು’ ಎಂಬ ವಾಕ್ಯಕ್ಕೆ ಸಾಕ್ಷಿಯಾಗುವುದಿಲ್ಲ.

ಮದರಾಸಿನ ಪ್ರಯೋಗ ಮತ್ತು ಅದರ ಮುಂದಿನ ಕಥೆ

ಇಲಿಯನ್ನು ದಾಟಿ ಮನುಷ್ಯರಲ್ಲಿ ನಡೆದ ಪರೀಕ್ಷೆಗಳಲ್ಲಿ ಮದರಾಸಿನದು ಚಾರಿತ್ರಿಕ ಮಹತ್ವದ್ದು. ಹೆಪಟೈಟಿಸ್ ಬಿ ವೈರಾಣುವಿನ ಪತ್ತೆಗೆ ಕಾರಣನಾಗಿ 1976ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಅಮೆರಿಕದ ಬರೂಕ್ ಬ್ಲೂಂಬರ್ಗ್, ಕಾಮಾಲೆಗೆ ಬಳಕೆಯಲ್ಲಿರುವ ಸಾಂಪ್ರದಾಯಿಕ ಗಿಡಗಳಲ್ಲಿ ಆಸಕ್ತಿ ತಳೆದಿದ್ದ. ಮದರಾಸು ವಿಶ್ವವಿದ್ಯಾಲಯದ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು 1982ರಲ್ಲಿ ಗರುಗ ಮತ್ತು ನೆಲನೆಲ್ಲಿಯ ಸಾರಗಳು ವೈರಾಣುವಿನ ಮೇಲ್ಮೈ ಅಂಶವನ್ನು ಪ್ರನಾಳದಲ್ಲಿ ನಿಷ್ಕ್ರಿಯಗೊಳಿಸುತ್ತವೆಂದು ಪ್ರಕಟಿಸಿದರು. 1988ರಲ್ಲಿ ಬ್ಲೂಂಬರ್ಗ್‌ನನ್ನೂ ಒಳಗೊಂಡ ತಂಡದ ಲೇಖನ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬಿ ವೈರಾಣುವನ್ನು ದೇಹದಲ್ಲಿ ದೀರ್ಘಕಾಲ ಹೊತ್ತವರಿಗೆ ನೆಲನೆಲ್ಲಿಯ ಪುಡಿಯನ್ನು 200 ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ 30 ದಿನ ಕೊಡಲಾಗಿತ್ತು. ಮದ್ದು ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಕುರುಹು ಮರೆಯಾಯಿತು. ತೋರಿಕೆಯ ಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಯಿತು. 1982ರಲ್ಲಿ ನಿರೂರಿಯಾಗಿದ್ದ ಗಿಡ ಈ ಲೇಖನದಲ್ಲಿ ಅಮಾರಸ್ ಆಗಿತ್ತು.

ಈ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಥೈಲ್ಯಾಂಡಿನ ವೈದ್ಯರು 1990ರಲ್ಲಿ, ನ್ಯೂಜಿಲೆಂಡಿನವರು 1994ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಎರಡು ಕಡೆಯೂ ಮದರಾಸಿನ ಯಶಸ್ಸು ಮರುಕಳಿಸಲಿಲ್ಲ. ಗಿಡದ ಮೂಲ, ಕೊಯ್ಲಿನ ಕಾಲ, ಪ್ರಭೇದ, ರೋಗಿಗಳ ಹಿನ್ನೆಲೆ ಎಲ್ಲವೂ ಚರ್ಚೆಗೆ ಬಂದವು. 2011ರಲ್ಲಿ ಕಾಕ್ರೇನ್ ಸಂಸ್ಥೆಯು 16 ಪ್ರಯೋಗಗಳನ್ನು ಒಟ್ಟಾಗಿ ವಿಶ್ಲೇಷಿಸಿ, ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳಿಗೆ ತೋರಿಕೆಯ ಮದ್ದಿಗಿಂತ ಈ ಗಿಡ ಹೆಚ್ಚು ಪ್ರಯೋಜನಕರ ಎನ್ನಲು ನಂಬಬಹುದಾದ ಆಧಾರವಿಲ್ಲವೆಂದು ತೀರ್ಮಾನಿಸಿತು. ಸಿಲಿಮರಿನ್‌ನ ಗತಿಯೂ ಇದಕ್ಕಿಂತ ಬಹಳ ಭಿನ್ನವಾಗಲಿಲ್ಲ. ಹೆಪಟೈಟಿಸ್ ಸಿ ರೋಗಿಗಳಾದ 154 ಮಂದಿಯಲ್ಲಿ ನಡೆದ ಅಮೆರಿಕದ ಪ್ರಯೋಗದ ವರದಿ 2012ರಲ್ಲಿ ಬಂದಾಗ ಅದು ತೋರಿಕೆಯ ಮದ್ದಿಗಿಂತ ಮೇಲೆಂದು ಸಿದ್ಧವಾಗಲಿಲ್ಲ.

ಇದನ್ನು ಜನಪದ ಜ್ಞಾನದ ಸೋಲೆಂದು ಓದುವುದು ಅವಸರದ ತೀರ್ಮಾನವಾದೀತು. ಹಳ್ಳಿಯ ವೈದ್ಯರು ಎಂದೂ ‘ಹೆಪಟೈಟಿಸ್ ಬಿ ವಾಹಕ’ರಿಗೆ ಮದ್ದು ಕೊಟ್ಟವರಲ್ಲ, ಕಣ್ಣು ಹಳದಿಯಾಗದ, ಮೇಲ್ನೋಟಕ್ಕೆ ಆರೋಗ್ಯವಂತನಾದ ವಾಹಕನು ಅವರ ಬಳಿಗೆ ಬರುವುದೇ ಇಲ್ಲ. ಅವರು ಹೇಳದ ಮಾತನ್ನು ಪರೀಕ್ಷಿಸಿ ಅವರನ್ನು ಸೋಲಿಸಲಾಗದು. ಹಾಗೆಯೇ ಇಲಿಯಲ್ಲಿ ದೊರೆತ ಯಶಸ್ಸನ್ನು ಅವರ ಗೆಲುವೆಂದು ಸಾರುವುದೂ ಸಾಧುವಲ್ಲ. ಪರೀಕ್ಷೆಯು ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ರಕ್ಷಕವೆನಿಸಿದ್ದು ಹಾನಿಯಾದಾಗ

ಗಿಡಮೂಲಿಕೆಯಿಂದ ಅಪಾಯವಿಲ್ಲ ಎಂಬ ನಂಬಿಕೆಯೂ ಈಚಿನ ವರ್ಷಗಳಲ್ಲಿ ಪರೀಕ್ಷೆಗೆ ಒಳಗಾಗಿದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಯ ಪಾನೀಯವಾಯಿತು. ಯಕೃತ್ತನ್ನು ರಕ್ಷಿಸುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಹೇಳಿದ್ದ ಬಳ್ಳಿಯದು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಊತವನ್ನು ವರದಿ ಮಾಡಿದರು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ 43 ರೋಗಿಗಳ ವಿವರ ಪ್ರಕಟವಾಯಿತು. ಕೇಂದ್ರ ಆಯುಷ್ ಸಚಿವಾಲಯವು ಇದನ್ನು ಒಪ್ಪದೆ, ಅಮೃತಬಳ್ಳಿಯನ್ನು ಹೋಲುವ ಇನ್ನೊಂದು ಪ್ರಭೇದದ ಬಳಕೆಯಾಗಿರುವ ಸಾಧ್ಯತೆಯತ್ತ ಬೆರಳು ತೋರಿಸಿತು. ಚರ್ಚೆಯ ಸರಿತಪ್ಪುಗಳೇನೇ ಇರಲಿ, ನೆಲನೆಲ್ಲಿಯ ಪ್ರಕರಣದಲ್ಲಿ ಎದ್ದ ‘ಗಿಡ ಯಾವುದು’ ಎಂಬ ಪ್ರಶ್ನೆಯೇ ಇಲ್ಲಿಯೂ ಮರಳಿ ಬಂದಿದೆ. ಸೂಡು ಬಿಚ್ಚಿ ಅರ್ಧವನ್ನು ಎಸೆಯುವ ಕೈ ಇಲ್ಲದೆ ಮದ್ದು ಡಬ್ಬಿಯಲ್ಲಿ ಬಂದಾಗ ಈ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ.

ಜಾನಪದ ಅಧ್ಯಯನದ ಹೊಣೆ

ನಮ್ಮ ಜನಪದ ವೈದ್ಯ ಸಂಕಲನಗಳಲ್ಲಿ ‘ಇದು ವೈಜ್ಞಾನಿಕವಾಗಿಯೂ ಸಾಬೀತಾಗಿದೆ’ ಎಂಬ ವಾಕ್ಯ ಮತ್ತೆ ಮತ್ತೆ ಕಾಣಿಸುತ್ತದೆ. ನನ್ನ ಬರಹಗಳೂ ಇದಕ್ಕೆ ಹೊರತಲ್ಲ. ಆ ವಾಕ್ಯದ ಹಿಂದೆ ಜನಪದರ ಜ್ಞಾನಕ್ಕೆ ಗೌರವ ತಂದುಕೊಡಬೇಕೆಂಬ ಸದಾಶಯವಿದೆ. ಆದರೆ ಅದನ್ನು ಓದಿದವರ ಮನೆಯಲ್ಲಿ ಪಿತ್ತನಾಳ ಕಟ್ಟಿಕೊಂಡ ರೋಗಿಯಿರಬಹುದು, ಇ ವೈರಾಣು ತಗುಲಿದ ಗರ್ಭಿಣಿಯಿರಬಹುದು, ಬಿಲಿರುಬಿನ್ ಮಿತಿಮೀರಿ ಮಿದುಳಿಗೆ ಅಪಾಯ ಒದಗಲಿರುವ ಹಸುಗೂಸಿರಬಹುದು. ಇವರಿಗೆ ಕಾಯುವ ಕಾಲಾವಕಾಶವಿಲ್ಲ. ಕಾಮಾಲೆಗೆ ಬರೆ ಹಾಕುವ ಪದ್ಧತಿಯನ್ನೂ ನೆಲನೆಲ್ಲಿಯ ಮದ್ದನ್ನೂ ‘ಜನಪದ ವೈದ್ಯ’ ಎಂಬ ಒಂದೇ ಶೀರ್ಷಿಕೆಯಡಿ ಸಮಾನ ಮೆಚ್ಚುಗೆಯಿಂದ ಮುದ್ರಿಸುವುದು ಸಂಶೋಧನೆಯಲ್ಲ.

ಇನ್ನೊಂದು ಹೊಣೆ ಮಾಹಿತಿದಾರರ ಕುರಿತಾದುದು. 2002ರ ಜೈವಿಕ ವೈವಿಧ್ಯ ಕಾಯಿದೆಯು ಗಿಡ ಮತ್ತು ಅದರ ಬಗೆಗಿನ ಜ್ಞಾನದ ಬಳಕೆಯಿಂದ ಬಂದ ಲಾಭದಲ್ಲಿ ಪಾಲು ಎಂಬ ತತ್ತ್ವವನ್ನು ಅಂಗೀಕರಿಸಿತು. 2023ರ ತಿದ್ದುಪಡಿಯು ಗ್ರಂಥಸ್ಥವಾದ ಸಾಂಪ್ರದಾಯಿಕ ಜ್ಞಾನದ ಬಳಕೆಗೆ ವಿನಾಯಿತಿ ನೀಡಿದೆ. ಹಾಗಾದರೆ ಬಾಯಿಂದ ಬಾಯಿಗೆ ಬಂದ ಮದ್ದು ಯಾವುದು, ಗ್ರಂಥದಿಂದ ಬಂದದ್ದು ಯಾವುದು ಎಂಬ ವಿಂಗಡಣೆ ಕೇವಲ ಪಾಂಡಿತ್ಯದ ವಿಷಯವಾಗಿ ಉಳಿಯುವುದಿಲ್ಲ. ನಾವು ಸಂಗ್ರಹಿಸಿ ಮುದ್ರಿಸುವ ರೀತಿಯು ಆ ಜ್ಞಾನದ ಒಡೆತನದ ಮೇಲೆಯೇ ಪರಿಣಾಮ ಬೀರಬಲ್ಲದು.

ಈ ಹಿನ್ನೆಲೆಯಲ್ಲಿ ಮುಂದಿನ ಸಂಗ್ರಹಕಾರರಿಗೆ ಕೆಲವು ಸೂಚನೆಗಳನ್ನು ಮಾಡಬಹುದು. ಪ್ರತಿಯೊಂದು ಮದ್ದಿನ ಗಿಡದ ಒಣಮಾದರಿಯನ್ನು ಸ್ಥಳ, ದಿನಾಂಕಗಳೊಡನೆ ಇಟ್ಟು ಸಸ್ಯಶಾಸ್ತ್ರಜ್ಞರಿಂದ ಹೆಸರಿಸಬೇಕು. ಗಿಡದ ಜೊತೆಗೆ ಅನುಪಾನ, ಪಥ್ಯ, ಅವಧಿಗಳನ್ನೂ ವೈದ್ಯರು ಯಾರಿಗೆ ಮದ್ದು ಕೊಡಲು ನಿರಾಕರಿಸುತ್ತಾರೆ ಎಂಬುದನ್ನೂ ಬರೆದುಕೊಳ್ಳಬೇಕು. ಮದ್ದಿನ ಬಗ್ಗೆ ಮಾಡಿದ ಹೇಳಿಕೆ ಯಾರದು, ವೈದ್ಯರದೋ ಸಂಗ್ರಹಕಾರರದೋ ಎಂಬುದು ಸ್ಪಷ್ಟವಾಗಿರಬೇಕು. ಪ್ರಯೋಗಾಲಯದ ಫಲಿತಾಂಶವನ್ನು ಉಲ್ಲೇಖಿಸುವಾಗ ಅದು ಪ್ರನಾಳದ್ದೋ ಇಲಿಯದೋ ಮನುಷ್ಯರದೋ ಎಂಬುದನ್ನು ತಪ್ಪದೆ ಹೇಳಬೇಕು.

ನನ್ನ ಸಂಗ್ರಹದ ಗಿಡವನ್ನು ವಿಂಗಡಿಸಿದ ಆ ನಾಟಿ ವೈದ್ಯೆ ಈಗಿಲ್ಲ. ಅವರು ಯಾವ ಗಿಡವನ್ನು ಇಟ್ಟುಕೊಂಡರು, ಯಾವುದನ್ನು ಎಸೆದರು ಎಂಬುದಕ್ಕೆ ನನ್ನ ಬಳಿ ಟಿಪ್ಪಣಿಯ ಎರಡು ಸಾಲುಗಳಿವೆ, ಗಿಡವಿಲ್ಲ. ಹಿತ್ತಲ ಗಿಡ ಮದ್ದು ಹೌದೋ ಅಲ್ಲವೋ ಎಂಬ ವಿಚಾರಣೆಯನ್ನು ಪ್ರಯೋಗಾಲಯ ತನ್ನ ಕ್ರಮದಲ್ಲಿ ನಡೆಸಲಿ; ಅದಕ್ಕೆ ಒಪ್ಪಿಸಬೇಕಾದ ಗಿಡ ಯಾವುದೆಂಬ ಸಾಕ್ಷ್ಯವನ್ನು ಕಳೆದುಹೋಗದಂತೆ ಕಾಪಾಡುವುದು ಜಾನಪದ ಅಧ್ಯಯನದ ಕೆಲಸ.